ಕೊಂಡವನ ದೂರು

ಹೊನ್ನಾವರದ ಬಳಿ ಶರಾವತಿಯ ಸೇತುವೆಯನ್ನು ದಾಟಿ ದಕ್ಷಿಣಕ್ಕೆ ಸಾಗಿದರೆ, ಕಾಸರಕೋಡಿನ ಸಮೀಪದಲ್ಲಿ ಅಪ್ಸರಕೊಂಡವೆಂಬ ಪುಟ್ಟ ಊರು ಸಿಕ್ಕುತ್ತದೆ. ಗುಡ್ಡದ ಹಸುರಿನ ನಡುವಿನಿಂದ ಕಿರುಜಲಪಾತವೊಂದು ಇಳಿದು ಬಂದು ಕೆಳಗಿನ ಕೊಳವನ್ನು ಸೇರುತ್ತದೆ. ಅಪ್ಸರೆಯರು ಇಲ್ಲಿ ಜಲಕ್ರೀಡೆಯಾಡುತ್ತಿದ್ದರೆಂಬ ಐತಿಹ್ಯದಿಂದ ಊರಿಗೆ ಈ ಹೆಸರು ಬಂದಿದೆ. ಹತ್ತಿರದ ಗುಹೆಗಳನ್ನು ಜನರು ಪಾಂಡವರ ಹೆಸರಿನಿಂದ ಕರೆಯುತ್ತಾರೆ. ಗುಡ್ಡದ ನೆತ್ತಿಯಲ್ಲಿ ನಿಂತರೆ ಅರಬ್ಬೀ ಸಮುದ್ರವು ಕಣ್ಣು ಹರಿಯುವಷ್ಟು ದೂರವೂ ಹರಡಿಕೊಂಡಿರುತ್ತದೆ.

ಊರಿನ ಹೆಸರಿನಲ್ಲಿರುವ ‘ಕೊಂಡ’ಕ್ಕೆ ಕೊಳವೆಂದು ಅರ್ಥ. ಆದರೆ ಕನ್ನಡದ ಕಿವಿಗೆ ಆ ಮಾತು ಮತ್ತೊಂದು ಅರ್ಥವನ್ನೂ ನುಡಿಯುತ್ತದೆ: ಕೊಂಡ ಎಂದರೆ ಬೆಲೆ ತೆತ್ತು ಪಡೆದ. ಅಪ್ಸರೆಯರಿಗೆ ಕೊಳ್ಳುವ ಕಷ್ಟವಿರಲಿಲ್ಲ. ಕಲ್ಪವೃಕ್ಷದ ನೆರಳಿನಲ್ಲಿರುವವರಿಗೆ ರಸೀದಿಯ ಗೊಡವೆ ಏಕೆ? ಮನುಷ್ಯರ ಪಾಡು ಹಾಗಲ್ಲ. ಅಡಿಕೆಯ ತೋಟದವನು ಪಂಪುಸೆಟ್ಟನ್ನು ಕೊಳ್ಳಬೇಕು. ಕಡಲಿಗಿಳಿಯುವವನು ಬಲೆಯನ್ನೂ ದೋಣಿಯ ಯಂತ್ರವನ್ನೂ ಕೊಳ್ಳಬೇಕು. ಮಳೆಗಾಲಕ್ಕೆ ಮುಂಚೆ ಮನೆಮಂದಿಗೆಲ್ಲ ಕೊಡೆ ಬೇಕು. ಕೊಂಡದ್ದು ಬಾಳಿದರೆ ಸರಿ. ಪಂಪುಸೆಟ್ಟು ನಡುಬೇಸಗೆಯಲ್ಲಿ ನಿಂತುಹೋದರೆ, ಕೊಡೆ ಆರಿದ್ರೆಯ ಮೊದಲ ಹೊಡೆತಕ್ಕೇ ಬೆನ್ನು ಮುರಿದುಕೊಂಡರೆ, ಕೊಂಡವನು ಮಾಡುವುದೇನು? ಬಹಳ ಮಟ್ಟಿಗೆ ಏನನ್ನೂ ಮಾಡುವುದಿಲ್ಲ. “ನಮ್ಮ ಹಣೆಬರಹ” ಎಂದು ಹೇಳಿ, ಸಾಲಮಾಡಿ ಇನ್ನೊಂದನ್ನು ತರುತ್ತಾನೆ.

ಈ ಮೌನವನ್ನು ಸಹನೆಯೆಂದು ಹೊಗಳುವವರುಂಟು. ಅದರ ಬೇರು ಬೇರೆ ಕಡೆಯಲ್ಲಿದೆ. ‘ದೂರು’ ಎಂಬ ಶಬ್ದಕ್ಕೇ ನಮ್ಮ ನುಡಿಯಲ್ಲಿ ಒಳ್ಳೆಯ ಹೆಸರಿಲ್ಲ. ದೂರುವುದೆಂದರೆ ನಿಂದಿಸುವುದು, ದೂರು ಹೇಳುವವನು ಚಾಡಿಕೋರನ ನೆರೆಮನೆಯವನು. ಬಾಲ್ಯದಲ್ಲಿ “ಅವನ ಮೇಲೆ ಇವನು, ಇವನ ಮೇಲೆ ಅವನು ದೂರು ಹೇಳಬಾರದು” ಎಂದು ಕಲಿತವರು ದೊಡ್ಡವರಾದ ಮೇಲೆ ಅಂಗಡಿಯ ಮೆಟ್ಟಿಲಲ್ಲಿ ನಾಲಗೆ ಕಚ್ಚಿಕೊಳ್ಳುತ್ತಾರೆ. ಅದರ ಮೇಲೆ ದಾಕ್ಷಿಣ್ಯ ಬೇರೆ. ಅಂಗಡಿಯವರು ಊರಿನವರು, ಕಷ್ಟಕಾಲದಲ್ಲಿ ಉದ್ದರಿ ಕೊಟ್ಟವರು, ನಾಳೆ ತೇರಿನಲ್ಲಿ ಎದುರಾಗುವವರು. ಅವರ ಮುಖ ಕೆಡಿಸುವುದು ಹೇಗೆ? ಕೊನೆಯದಾಗಿ ನ್ಯಾಯಾಲಯದ ಭಯ. “ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ” ಎಂಬ ಗಾದೆಯನ್ನು ಅನುಭವವಿಲ್ಲದ ಜನ ಕಟ್ಟಿರಲಾರರು.

ಆದರೂ ದೂರು ಹೀನವಾದದ್ದೆಂಬ ಭಾವನೆಯನ್ನು ಒಮ್ಮೆ ಪರೀಕ್ಷಿಸಿ ನೋಡಬೇಕು. ಇದಕ್ಕಾಗಿ ಅಪ್ಸರಕೊಂಡದ ಗುಡ್ಡದಿಂದ ಕಾಣುವ ಕಡಲಿನ ಮೇಲೆಯೇ ಸ್ವಲ್ಪ ದೂರ ಹೋಗಿಬರೋಣ.

ಈ ಸಮುದ್ರದ ವಾಯವ್ಯಕ್ಕೆ, ಪಾರಸೀಕ ಕೊಲ್ಲಿಯ ತುದಿಯಲ್ಲಿ, ಊರ್ ಎಂಬ ಪುರಾತನ ನಗರವಿತ್ತು. ಇಂದಿನ ಇರಾಕಿನಲ್ಲಿ ಅದರ ಅವಶೇಷಗಳಿವೆ. ಅಲ್ಲಿ ದೊರೆತ ಅಂಗೈಯಗಲದ ಜೇಡಿಮಣ್ಣಿನ ಹಲಗೆಯೊಂದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಕ್ರಿ.ಪೂ. 1750ರ ಸುಮಾರಿಗೆ ಬೆಣೆಯಾಕಾರದ ಲಿಪಿಯಲ್ಲಿ ಕೊರೆದ ಆ ಹಲಗೆ ಒಂದು ಪತ್ರ. ನನ್ನಿ ಎಂಬ ಗಿರಾಕಿ ಏಯ-ನಾಸಿರ್ ಎಂಬ ತಾಮ್ರದ ವ್ಯಾಪಾರಿಗೆ ಅದನ್ನು ಬರೆಸಿದ್ದಾನೆ. ಒಳ್ಳೆಯ ತಾಮ್ರದ ಗಟ್ಟಿಗಳನ್ನು ಕೊಡುವೆನೆಂದು ಮಾತು ಕೊಟ್ಟು ಕೆಟ್ಟ ಗಟ್ಟಿಗಳನ್ನು ಮುಂದಿಟ್ಟಿದ್ದೀಯೆ ಎಂಬುದು ಅವನ ಮೊದಲ ಆಕ್ಷೇಪ. ಆದರೆ ಪತ್ರದ ಬಿಸಿ ಇರುವುದು ಅಲ್ಲಲ್ಲ. ಬೇಕಾದರೆ ತೆಗೆದುಕೋ, ಬೇಡವಾದರೆ ಹೋಗು ಎಂದು ನನ್ನ ದೂತನಿಗೆ ಹೇಳಿದೆಯಲ್ಲ. ಹಣ ಕೇಳಲು ಶತ್ರುಗಳ ಸೀಮೆಯನ್ನು ಹಾದು ಬಂದವರನ್ನು ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸಿದೆಯಲ್ಲ. ನನ್ನನ್ನು ಏನೆಂದು ತಿಳಿದೆ? ಇದು ಅವನ ಪ್ರಶ್ನೆ. ಇನ್ನು ಮೇಲೆ ನನ್ನ ಅಂಗಳದಲ್ಲಿಯೇ ಒಂದೊಂದು ಗಟ್ಟಿಯನ್ನೂ ಆರಿಸಿ ತೆಗೆದುಕೊಳ್ಳುತ್ತೇನೆ, ಒಲ್ಲದ್ದನ್ನು ಹಿಂದಿರುಗಿಸುವ ಅಧಿಕಾರ ನನ್ನದು ಎಂದು ಅವನು ಪತ್ರವನ್ನು ಮುಗಿಸುತ್ತಾನೆ.

ಮೂರು ಸಾವಿರದ ಏಳುನೂರು ವರ್ಷಗಳ ಮೇಲೂ ಈ ಪತ್ರ ನಮಗೆ ಪರಕೀಯವೆನಿಸುವುದಿಲ್ಲ. ಕೊಂಡವನಿಗೆ ನಷ್ಟಕ್ಕಿಂತಲೂ ತಾತ್ಸಾರ ಹೆಚ್ಚು ನೋವನ್ನುಂಟುಮಾಡುತ್ತದೆ. ಕೆಟ್ಟ ತಾಮ್ರವನ್ನು ಕರಗಿಸಬಹುದು. ದೂತನಿಗಾದ ಅವಮಾನ ಕರಗುವುದಿಲ್ಲ. ದೂರಿನ ಒಳಗಿರುವ ವಸ್ತು ಮರ್ಯಾದೆ ಎಂಬುದನ್ನು ನನ್ನಿ ಅಂದೇ ತಿಳಿದಿದ್ದನು.

ಅಲ್ಲಿಂದ ನಮ್ಮ ಕರಾವಳಿಗೆ ಹಿಂದಿರುಗೋಣ. ಅಪ್ಸರಕೊಂಡಕ್ಕೆ ದಕ್ಷಿಣದಲ್ಲಿರುವ ಭಟ್ಕಳವು ವಿಜಯನಗರದ ಕಾಲದಲ್ಲಿ ದೊಡ್ಡ ಬಂದರು. ಹೊರಮುಜ್ ಮೊದಲಾದ ಕಡೆಗಳಿಂದ ಸಮುದ್ರದ ಮೇಲೆ ಬಂದ ಕುದುರೆಗಳು ಇಳಿಯುತ್ತಿದ್ದ ಪಶ್ಚಿಮ ತೀರದ ಬಂದರುಗಳಲ್ಲಿ ಅದೂ ಒಂದು. ಹದಿನಾರನೆಯ ಶತಮಾನದಲ್ಲಿ ವಿಜಯನಗರದ ವೃತ್ತಾಂತವನ್ನು ಬರೆದಿಟ್ಟ ಪೋರ್ಚುಗೀಸರ ಫೆರ್ನಾವ್ ನೂನಿಜ್, ಸಾಳುವ ನರಸಿಂಹನ ವಿಷಯದಲ್ಲಿ ಒಂದು ಸ್ವಾರಸ್ಯದ ಸಂಗತಿಯನ್ನು ತಿಳಿಸುತ್ತಾನೆ. ಕುದುರೆಗಳು ದಾರಿಯಲ್ಲಿ, ಸಮುದ್ರದ ಮೇಲೆ, ಸತ್ತರೂ ಚಿಂತೆಯಿಲ್ಲ. ಬಾಲವನ್ನು ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಗೆ ಕೊಡುವ ಬೆಲೆಯನ್ನೇ ಅರಸನು ಕೊಡುತ್ತಿದ್ದನಂತೆ. ಬಾಲವನ್ನು ಕೊಂಡ ಗಿರಾಕಿ ಲೋಕದಲ್ಲಿ ಅವನೊಬ್ಬನೇ ಇರಬೇಕು! ಆದರೆ ನಗುವುದಕ್ಕೆ ಮುಂಚೆ ಯೋಚಿಸಬೇಕು. ಯುದ್ಧಕ್ಕೆ ಕುದುರೆ ಬೇಕೇಬೇಕು, ತರುವವರು ಕೆಲವರೇ. ಅಗತ್ಯವು ಅಷ್ಟು ಬಲವಾದಾಗ, ಮಾರುವವನ ಹಾನಿಯನ್ನೂ ಕೊಳ್ಳುವವನೇ ಹೊರಬೇಕಾಗುತ್ತದೆ. ಅವನು ಚಕ್ರವರ್ತಿಯಾದರೂ ಅಷ್ಟೆ. ಊರಿಗೆ ಒಂದೇ ಅಂಗಡಿಯಿರುವ ಬಡವನ ಪಾಡನ್ನು ಇದರಿಂದ ಊಹಿಸಬಹುದು.

ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಕಥೆ ಉತ್ತರಕ್ಕೆ, ಕುಮಟೆಯಲ್ಲಿ ನಡೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಹತ್ತಿಯ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂಬುದು ಪ್ರಸಿದ್ಧವಾದ ಹೆಸರು. ವಿನೋದವೆಂದರೆ, ಅದು ಕುಮಟೆಯಲ್ಲಿ ಬೆಳೆದದ್ದಲ್ಲ. ಧಾರವಾಡದ ಸೀಮೆಯ ಎರೆಭೂಮಿಯಲ್ಲಿ ಬೆಳೆದು, ಎತ್ತುಗಳ ಬೆನ್ನಿನ ಮೇಲೂ ಬಂಡಿಗಳಲ್ಲಿಯೂ ಘಟ್ಟವನ್ನಿಳಿದು, ಕುಮಟೆಯ ಬಂದರಿನಿಂದ ಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಹೊರಟ ಬಂದರಿನ ಹೆಸರೇ ಸರಕಿಗೂ ಅಂಟಿಕೊಂಡಿತು. ಒಳ್ಳೆಯ ಹೆಸರು ಅಂಟುವಂತೆ ಕೆಟ್ಟ ಹೆಸರೂ ಅಂಟಿತು.

1861ರಲ್ಲಿ ಅಮೇರಿಕದ ಅಂತರ್ಯುದ್ಧ ಪ್ರಾರಂಭವಾಯಿತು. ಅಲ್ಲಿನ ಹತ್ತಿ ನಿಂತುಹೋಗಿ ಲಂಕಾಷೈರಿನ ಮಗ್ಗಗಳು ಹಸಿದು ಕುಳಿತಾಗ ಎಲ್ಲರ ದೃಷ್ಟಿಯೂ ಹಿಂದೂಸ್ಥಾನದ ಕಡೆಗೆ ತಿರುಗಿತು. ಬೆಲೆ ಏರಿದಂತೆ ಮೋಸವೂ ಏರಿತು. ಹತ್ತಿಯಲ್ಲಿ ಬೀಜವನ್ನು ಬಿಡುವುದು, ಮಣ್ಣು ಕಸಗಳನ್ನು ಬೆರೆಸುವುದು, ತೂಕ ಹೆಚ್ಚಲೆಂದು ನೀರು ಚಿಮುಕಿಸುವುದು, ಉದ್ದನೆಯ ಎಳೆಯ ಹತ್ತಿಯೊಳಗೆ ಗಿಡ್ಡ ಎಳೆಯದನ್ನು ಸೇರಿಸುವುದು ಇವೆಲ್ಲ ನಡೆದವು. ರೈತನ ಹೊಲಕ್ಕೂ ಲಿವರ್‌ಪೂಲಿನ ಗೋದಾಮಿಗೂ ನಡುವೆ ಎಷ್ಟೋ ಕೈಗಳು. ಯಾವ ಕೈ ಬೆರೆಸಿತೆಂದು ಹೇಳುವವರು ಯಾರು? ಮ್ಯಾಂಚೆಸ್ಟರಿನ ಗಿರಣಿಯ ಮಾಲೀಕರು ದೂರಿದರು. ಸಂಘಗಳ ಮೂಲಕ ದೂರಿದರು, ಪಾರ್ಲಿಮೆಂಟಿನಲ್ಲಿ ದೂರಿದರು, ಪತ್ರಿಕೆಗಳಲ್ಲಿ ದೂರಿದರು.

ಆ ದೂರು ವ್ಯರ್ಥವಾಗಲಿಲ್ಲ. ಹತ್ತಿಯ ಮೋಸವನ್ನು ತಡೆಯಲು 1829ರಷ್ಟು ಹಿಂದೆಯೇ ಮುಂಬಯಿಯಲ್ಲಿ ಒಂದು ನಿಯಮವಿತ್ತು; ಅದು ಸಾಲದೆಂದು 1863ರಲ್ಲಿ ಹೊಸ ಕಾಯಿದೆಯೇ ಬಂದು, ಸರಕನ್ನು ಪರೀಕ್ಷಿಸುವ ಅಧಿಕಾರಿಗಳು ನೇಮಕಗೊಂಡರು. ಅದಕ್ಕೆ ಹಿಂದಿನ ವರ್ಷ, 1862ರಲ್ಲಿ, ಮದರಾಸು ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಕಾರವಾರದ ಕಡೆಯ ಬಂದರನ್ನು ಬೆಳೆಸಿ ಧಾರವಾಡದ ಹತ್ತಿಯನ್ನು ಬೇಗ ಹೊರಗೆ ಸಾಗಿಸಬೇಕೆಂಬ ಹತ್ತಿಯ ವ್ಯಾಪಾರಿಗಳ ಒತ್ತಾಯ ಈ ವರ್ಗಾವಣೆಯ ಹಿಂದಿತ್ತು. ಹೊನ್ನಾವರದ ರೈತನು ತನ್ನ ಅಹವಾಲನ್ನು ಯಾವ ರಾಜಧಾನಿಗೆ ಬರೆಯಬೇಕೆಂಬುದನ್ನು ಏಳು ಸಮುದ್ರದಾಚೆಯ ಗಿರಾಕಿಯ ಅವಶ್ಯಕತೆ ನಿಶ್ಚಯಿಸಿತು. ಒಂದು ಜಿಲ್ಲೆಯನ್ನೇ ಅಲುಗಿಸಿದ ಗಿರಾಕಿಗಳು ಚರಿತ್ರೆಯಲ್ಲಿ ವಿರಳ.

ಕಥೆಯ ಉತ್ತರಾರ್ಧವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಹತ್ತಿಯ ಅಭಾವದ ಆ ಕಾಲದಲ್ಲಿ ಲಂಕಾಷೈರಿನವರು ನೂಲಿಗೆ ಹಾಕುವ ಗಂಜಿಯಲ್ಲಿ ಬಿಳಿಯ ಚೀನೀಮಣ್ಣನ್ನು ಹೇರಳವಾಗಿ ಸೇರಿಸತೊಡಗಿದರು. ಬಟ್ಟೆ ತೂಗುತ್ತಿತ್ತು, ಮಿರುಗುತ್ತಿತ್ತು. ಒಮ್ಮೆ ಒಗೆದರೆ ಮಣ್ಣು ನೀರುಪಾಲಾಗಿ ಜಾಳುಜಾಳಾದ ಜಾಲರಿ ಉಳಿಯುತ್ತಿತ್ತು. ಹಡಗಿನ ಒಳಗೇ ಬೂಷ್ಟು ಹಿಡಿದ ಥಾನುಗಳೂ ಇದ್ದವು. ಹಿಂದೂಸ್ಥಾನದ ಮತ್ತು ಚೀನದ ಪೇಟೆಗಳಿಗೆ ಇಂತಹ ಬಟ್ಟೆ ಬರುತ್ತಿತ್ತು; ಅಲ್ಲಿನ ಕೊಳ್ಳುವವರೂ ಗೊಣಗಿದರು. ನಮ್ಮ ಹತ್ತಿಯಲ್ಲಿ ಮಣ್ಣಿದೆಯೆಂದು ದೂರಿದ ಊರೇ ನಮಗೆ ಮಣ್ಣು ಬೆರೆತ ಬಟ್ಟೆಯನ್ನು ಮಾರಿತು. ಆದರೆ ಆ ಪಂಚೆಯನ್ನುಟ್ಟವನ ದೂರಿಗೆ ಯಾವ ಜಿಲ್ಲೆಯ ಗಡಿಯೂ ಸರಿಯಲಿಲ್ಲ.

ಈ ಎರಡು ಮಣ್ಣುಗಳ ನಡುವೆ ಗುಣದಲ್ಲಿ ಭೇದವಿಲ್ಲ. ದೂರಿದವರ ಬಲದಲ್ಲಿ ಭೇದವಿದೆ. ಮ್ಯಾಂಚೆಸ್ಟರಿಗೆ ಸಂಘವಿತ್ತು, ಲೆಕ್ಕದ ಪುಸ್ತಕವಿತ್ತು, ಬರೆಯಬಲ್ಲ ಗುಮಾಸ್ತನಿದ್ದನು, ಕೇಳುವ ಪಾರ್ಲಿಮೆಂಟಿತ್ತು. ಪಂಚೆಯವನಿಗೆ ಇದ್ದದ್ದು ಬಾಯಿ ಮಾತ್ರ. ದೂರು ಸಣ್ಣ ಬುದ್ಧಿಯ ಕುರುಹಾಗಿದ್ದರೆ ಲೋಕದ ಬಲ್ಲಿದರು ಅದನ್ನು ಇಷ್ಟು ಶ್ರದ್ಧೆಯಿಂದ ಬೆಳೆಸಿಕೊಂಡು ಬರುತ್ತಿರಲಿಲ್ಲ. ಬಲ್ಲಿದನು ದೂರಿದರೆ ಅದು ವ್ಯವಹಾರ; ಬಡವನು ದೂರಿದರೆ ಅದು ಜಗಳಗಂಟತನ. ಈ ತಾರತಮ್ಯವನ್ನು ತೊಡೆಯುವುದೇ ಬಳಕೆದಾರರ ಹಕ್ಕಿನ ಹೋರಾಟದ ತಿರುಳು.

ಹಳೆಯ ಕಾಲದ ಅಂಗಡಿಯಲ್ಲಿ ಈ ತಾರತಮ್ಯ ಅಷ್ಟಾಗಿ ಕಾಣುತ್ತಿರಲಿಲ್ಲ. ಅಕ್ಕಿಯನ್ನು ಅಳೆದವನು, ಎಣ್ಣೆಯನ್ನು ಗಾಣದಿಂದ ತಂದವನು, ಬೆಲೆಯನ್ನು ಪಡೆದವನು ಒಬ್ಬನೇ ಅಥವಾ ಪರಸ್ಪರ ಪರಿಚಿತರು. ಕೊಳಗದಲ್ಲಿ ಮೋಸವಾದರೆ ಅವನ ಮಾನ ಊರಿನಲ್ಲೆಲ್ಲ ಹೋಗುತ್ತಿತ್ತು. ಆ ಮಾನವೇ ಕೊಂಡವನಿಗೆ ಜಾಮೀನು. ಈಗ ವಸ್ತುವನ್ನು ಮಾಡಿದವನು ಎಲ್ಲಿಯೋ, ತುಂಬಿಸಿದವನು ಎಲ್ಲಿಯೋ, ಮಾರಿದವನು ಇನ್ನೆಲ್ಲಿಯೋ. “ನಮ್ಮ ಕೈಯಲ್ಲಿ ಏನಿಲ್ಲ, ಕಂಪೆನಿಯವರನ್ನು ಕೇಳಿ” ಎನ್ನುವ ಅಂಗಡಿಯವರೂ ಸುಳ್ಳು ಹೇಳುತ್ತಿರುವುದಿಲ್ಲ. ದಾಕ್ಷಿಣ್ಯಪಡುವುದಕ್ಕೂ ಜಗಳವಾಡುವುದಕ್ಕೂ ಎದುರಿಗೆ ಮುಖವೇ ಇಲ್ಲದ ವ್ಯಾಪಾರವಿದು. ಮುಖದ ಮಾತು ಸಾಗದ ಕಡೆಯಲ್ಲಿ ಬರವಣಿಗೆ ಬೇಕು. ಊರಿನ ಮಾನ ಕಾಯದ ಕಡೆಯಲ್ಲಿ ಕಾಯಿದೆ ಬೇಕು.

ನಮ್ಮ ದೇಶದಲ್ಲಿ ಅಂತಹ ಕಾಯಿದೆ ಬಂದದ್ದು 1986ರಲ್ಲಿ. ಅಮೇರಿಕದ ಅಧ್ಯಕ್ಷ ಕೆನೆಡಿಯವರು 1962ರ ಮಾರ್ಚ್ 15ರಂದು ಬಳಕೆದಾರನ ಹಕ್ಕುಗಳನ್ನು ತಮ್ಮ ಕಾಂಗ್ರೆಸ್ಸಿನ ಮುಂದೆ ಎಣಿಸಿ ಹೇಳಿದ್ದರು; 1985ರಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆ ಈ ವಿಷಯದಲ್ಲಿ ಮಾರ್ಗದರ್ಶಕ ಸೂತ್ರಗಳನ್ನು ಅಂಗೀಕರಿಸಿತು. ಮರುವರ್ಷದ ಡಿಸೆಂಬರ್ 24ರಂದು ನಮ್ಮ ಗ್ರಾಹಕ ಸಂರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಇದಕ್ಕೆ ಕಾಯದೆಯೇ ನಮ್ಮ ಕರಾವಳಿ ಎಚ್ಚೆತ್ತಿತ್ತೆಂಬುದು ಹೆಮ್ಮೆಯ ಸಂಗತಿ. ಹಳೆಯ ಬಂದರುಗಳಲ್ಲೊಂದಾದ ಬಸ್ರೂರಿನಲ್ಲಿ ಡಾ. ರವೀಂದ್ರನಾಥ ಶಾನಭಾಗರೂ ಅವರ ಸಂಗಡಿಗರೂ ಬಳಕೆದಾರರ ವೇದಿಕೆಯನ್ನು ಕಟ್ಟಿ, ಸಾಮಾನ್ಯರ ಪರವಾಗಿ ಪತ್ರ ಬರೆಯುವ ಕೆಲಸವನ್ನು ಅದಕ್ಕೆ ಮುಂಚೆಯೇ ಕೈಗೊಂಡಿದ್ದರು.

ಕಾಯಿದೆಯ ಬಾಗಿಲು ಕ್ರಮಕ್ರಮವಾಗಿ ಅಗಲವಾಯಿತು. ಮನೆ, ನಿವೇಶನ ಹಂಚುವ ಸರಕಾರಿ ಪ್ರಾಧಿಕಾರಗಳೂ ಉತ್ತರ ಹೇಳಬೇಕೆಂದು 1993ರಲ್ಲಿಯೂ, ಹಣ ಪಡೆದು ಚಿಕಿತ್ಸೆ ಮಾಡುವ ವೈದ್ಯರು ಕಾಯಿದೆಯ ಹೊರಗಿಲ್ಲವೆಂದು 1995ರಲ್ಲಿಯೂ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಬೆಳಗಾವಿಯ ಕಬ್ಬಿಣದ ಕಾರಖಾನೆಯೊಂದರ ಮೊಕದ್ದಮೆಯಲ್ಲಿ, ವಿದ್ಯುತ್ತನ್ನು ಒದಗಿಸುವುದು ಸೇವೆಯೇ ಎಂದು 2009ರಲ್ಲಿ ಹೇಳಿತು. ವ್ಯಾಪಾರಕ್ಕಾಗಿ ಕೊಂಡ ಸರಕಿಗೆ ಈ ರಕ್ಷಣೆ ಇಲ್ಲವೆಂಬುದು ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡದ್ದು ಆ ಮಾತಿಗೆ ಒಳಪಡುವುದಿಲ್ಲ. ತಾನೇ ಕಡಲಿಗೆ ಹೋಗುವ ಕಾಸರಕೋಡಿನ ಬೆಸ್ತನು ದೋಣಿಗೆ ಕೊಂಡ ಯಂತ್ರದ ವಿಷಯದಲ್ಲಿ ಇದನ್ನು ನೆನಪಿನಲ್ಲಿಡಬೇಕು.

ಹಳೆಯ ಕಾಯಿದೆಯ ಸ್ಥಾನದಲ್ಲಿ 2019ರ ಹೊಸ ಕಾಯಿದೆ ಬಂದು 2020ರ ಜುಲೈ 20ರಿಂದ ಜಾರಿಯಾಯಿತು. ಇದರಲ್ಲಿ ಅಪ್ಸರಕೊಂಡದಂತಹ ಊರಿಗೆ ಮುಖ್ಯವಾದ ಒಂದು ಅಂಶವಿದೆ. ಮಾರಿದವನು ದಿಲ್ಲಿಯಲ್ಲಿರಲಿ, ಮುಂಬಯಿಯಲ್ಲಿರಲಿ, ಕೊಂಡವನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಉತ್ತರ ಕನ್ನಡದ ಜಿಲ್ಲಾ ಆಯೋಗವಿರುವುದು ಕಾರವಾರದಲ್ಲಿ. ಶರಾವತಿ, ಅಘನಾಶಿನಿ, ಗಂಗಾವಳಿ ಎಂಬ ಮೂರು ಹೊಳೆಗಳನ್ನು ದಾಟಿ ಸುಮಾರು 90 ಕಿಲೋಮೀಟರು ಹೋಗಬೇಕು. ದೂರಿಗೂ ದೂರಕ್ಕೂ ಇರುವ ನಂಟು ಇಲ್ಲಿ ಬರಿಯ ಶಬ್ದದ ಆಟವಲ್ಲ. ಆದರೆ ದೂರನ್ನು ಮನೆಯಿಂದಲೇ ಗಣಕಯಂತ್ರದ ಮೂಲಕ ಸಲ್ಲಿಸುವ ವ್ಯವಸ್ಥೆಯೂ ಈಗ ಇದೆ. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿರ್ಬಂಧವಿಲ್ಲ. ತೊಂದರೆಯಾದ ದಿನದಿಂದ ಎರಡು ವರ್ಷಗಳೊಳಗೆ ದೂರು ಕೊಟ್ಟಿರಬೇಕು. ಅದಕ್ಕೆ ಮುಂಚೆ ಸಲಹೆ ಬೇಕೆಂದರೆ 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಕೇಳಬಹುದು.

ಇಷ್ಟು ಹೇಳಿ ಎಲ್ಲವೂ ಸುಗಮವಾಯಿತೆಂದರೆ ವಾಚಕರನ್ನು ವಂಚಿಸಿದಂತಾಗುತ್ತದೆ. ವಸ್ತುವಿನ ಪರೀಕ್ಷೆ ಬೇಕಿಲ್ಲದ ದೂರು ಮೂರು ತಿಂಗಳಲ್ಲಿ, ಬೇಕಾದದ್ದು ಐದು ತಿಂಗಳಲ್ಲಿ ತೀರಬೇಕೆಂದು ಕಾಯಿದೆ ಬಯಸುತ್ತದೆ. ನಡೆಯುವುದೇನು? 1999ರ ಡಿಸೆಂಬರಿನಲ್ಲಿ ಉತ್ತರ ಪ್ರದೇಶದ ಮಥುರೆಯ ನಿಲ್ದಾಣದಲ್ಲಿ ವಕೀಲರೊಬ್ಬರು ಎರಡು ರೈಲು ಟಿಕೀಟುಗಳನ್ನು ಕೊಂಡರು. 70 ರೂಪಾಯಿಯಾಗಬೇಕಾದಲ್ಲಿ 90 ರೂಪಾಯಿ ತೆಗೆದುಕೊಂಡರೆಂದು ಗ್ರಾಹಕರ ನ್ಯಾಯಾಲಯಕ್ಕೆ ಹೋದರು. ತೀರ್ಪು ಬಂದದ್ದು 2022ರ ಆಗಸ್ಟಿನಲ್ಲಿ! ಇಪ್ಪತ್ತು ರೂಪಾಯಿಯನ್ನು ಶೇಕಡಾ 12ರ ಬಡ್ಡಿಯೊಡನೆ ಹಿಂದಿರುಗಿಸಿ, 15,000 ರೂಪಾಯಿ ಪರಿಹಾರ ಕೊಡಬೇಕೆಂದು ರೈಲ್ವೆಗೆ ಆಜ್ಞೆಯಾಯಿತು. ಗೆದ್ದವರು ಸೋಲಲಿಲ್ಲ, ನಿಜ; ಆದರೆ ಇಪ್ಪತ್ತೆರಡು ವರ್ಷಗಳಿಗೆ ಯಾವ ಬಡ್ಡಿಯ ದರ? ಕಾನೂನು ಬಲ್ಲವರಿಗೇ ಹೀಗಾದರೆ, ಒಂದು ದಿನ ತೋಟ ಬಿಟ್ಟರೆ ಆ ದಿನದ ಕೂಲಿ ಹೋಗುವವನು ಎಷ್ಟು ದಿನ ತಾಳಿಯಾನು? ತಡವಾಗಿ ಬಂದ ತೀರ್ಪು ಒಮ್ಮೊಮ್ಮೆ ಭಟ್ಕಳದ ಕುದುರೆಯ ಬಾಲದಂತೆ. ಬೆಲೆ ಪೂರ್ತಿ ತೆತ್ತ ಮೇಲೆ ಕೈಗೆ ಬಂದದ್ದು ಅಷ್ಟೆ.

ಹಾಗಾದರೆ ಆ ವಕೀಲರ ಶ್ರಮ ವ್ಯರ್ಥವೆ? ಹಾಗೆನ್ನಲು ಮನಸ್ಸು ಒಪ್ಪುವುದಿಲ್ಲ. ಇಪ್ಪತ್ತು ರೂಪಾಯಿಯ ಲೋಪವನ್ನು ಪ್ರಶ್ನಿಸಬಹುದೆಂದು ಅವರು ತೋರಿಸಿಕೊಟ್ಟರು. ಒಬ್ಬನಿಂದ ಇಪ್ಪತ್ತು ರೂಪಾಯಿ ಹೆಚ್ಚಾಗಿ ಪಡೆದರೆ ಅದು ಸಣ್ಣ ಮೊತ್ತ. ಲಕ್ಷ ಜನರಿಂದ ಪಡೆದರೆ ಇಪ್ಪತ್ತು ಲಕ್ಷ. ಸಣ್ಣ ನಷ್ಟವೆಂದು ಪ್ರತಿಯೊಬ್ಬನೂ ಸುಮ್ಮನಾಗುವುದರಿಂದಲೇ ದೊಡ್ಡ ಲಾಭ ಕೂಡಿಕೊಳ್ಳುತ್ತದೆ. ಕೊಂಡವನ ಮೌನ ಅವನೊಬ್ಬನ ಸ್ವಂತ ಆಸ್ತಿಯಲ್ಲ. ಮುಂದೆ ಅದೇ ಅಂಗಡಿಗೆ, ಅದೇ ಕಿಟಕಿಗೆ ಬರುವವನ ನಷ್ಟವೂ ಅದರಲ್ಲಿ ಅಡಗಿರುತ್ತದೆ.

ದೂರಿಗೂ ಒಂದು ಧರ್ಮವಿದೆ. ಕೊಂಡವನೆಲ್ಲ ಸತ್ಯಸಂಧನಲ್ಲ, ಮಾರುವವನೆಲ್ಲ ವಂಚಕನಲ್ಲ. ಬಳಸಿ ಹಳತು ಮಾಡಿದ್ದನ್ನು ಹಿಂದಿರುಗಿಸಲು ಹೊರಡುವವರೂ, ಬೇಡದವನ ಹೆಸರು ಕೆಡಿಸಲು ದೂರನ್ನು ಬಳಸುವವರೂ ಇಲ್ಲದಿಲ್ಲ. ಹುರುಳಿಲ್ಲದ ದೂರು ಕೊಟ್ಟವನು ಎದುರುಪಕ್ಷಕ್ಕೆ 10,000 ರೂಪಾಯಿಯವರೆಗೆ ತೆರಬೇಕಾಗಬಹುದೆಂದು 1986ರ ಕಾಯಿದೆಯಲ್ಲಿಯೇ ಹೇಳಿತ್ತು. ನಿಂದೆಯನ್ನೂ ದೂರನ್ನೂ ಬೇರ್ಪಡಿಸುವ ಗೆರೆ ಸ್ಪಷ್ಟವಾಗಿದೆ: ನಿಂದೆ ಬೆನ್ನಹಿಂದೆ ನಡೆಯುತ್ತದೆ, ಅದಕ್ಕೆ ಆಧಾರ ಬೇಕಿಲ್ಲ. ದೂರು ಎದುರಿಗೆ ನಿಂತು, ಸಹಿ ಹಾಕಿ, ಎದುರಾಳಿಯ ಉತ್ತರಕ್ಕೆ ಎಡೆಗೊಟ್ಟು ಆಡುವ ಮಾತು.

ಇಲ್ಲಿ ನಮ್ಮ ಶಾಲೆಗಳ ಪಾಲು ಬರುತ್ತದೆ. ಪತ್ರಲೇಖನವನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ರಜೆ ಬೇಡುವ ಪತ್ರ, ಪ್ರವಾಸವನ್ನು ವರ್ಣಿಸುವ ಪತ್ರ, ಅಣ್ಣನ ಮದುವೆಗೆ ಗೆಳೆಯನನ್ನು ಕರೆಯುವ ಪತ್ರ ಎಲ್ಲವನ್ನೂ ಬರೆಸುತ್ತೇವೆ. ಕೆಟ್ಟ ಪಂಪುಸೆಟ್ಟಿನ ವಿಷಯದಲ್ಲಿ ತಂದೆಯ ಪರವಾಗಿ ಕಂಪೆನಿಗೆ ಬರೆಯುವ ಪತ್ರವನ್ನು ಎಷ್ಟು ತರಗತಿಗಳಲ್ಲಿ ಬರೆಸಿದ್ದೇವೆ? ಎಂದು ಕೊಂಡೆ, ಎಷ್ಟು ಕೊಟ್ಟೆ, ಏನು ಭರವಸೆ ಕೊಟ್ಟಿದ್ದಿರಿ, ಏನಾಯಿತು, ಈಗ ಏನು ಮಾಡಬೇಕು ಎಂಬ ಐದು ಸಂಗತಿಗಳನ್ನು ಬೈಗುಳವಿಲ್ಲದೆ, ಬೇಡಿಕೆಯ ದೈನ್ಯವೂ ಇಲ್ಲದೆ ಒಂದು ಪುಟದಲ್ಲಿ ಬರೆಯುವುದು ಸುಲಭವಾದ ಗದ್ಯವಲ್ಲ. ಅದನ್ನು ಬರೆಯಬಲ್ಲವನಿಗೆ ಕನ್ನಡ ಬರುತ್ತದೆಂದು ಧೈರ್ಯವಾಗಿ ಹೇಳಬಹುದು. ಮ್ಯಾಂಚೆಸ್ಟರಿನ ಮಾಲೀಕರಿಗಿದ್ದ ಗುಮಾಸ್ತನ ಕೆಲಸವನ್ನು ನಮ್ಮ ಹಳ್ಳಿಯ ಓದಿದ ಹುಡುಗ ಹುಡುಗಿಯರು ತಮ್ಮ ಮನೆಯವರಿಗಾಗಿ, ನೆರೆಯವರಿಗಾಗಿ ಮಾಡಬಲ್ಲರು. ರಸೀದಿಯನ್ನು ಪಂಚಾಂಗದ ಪುಟಗಳ ನಡುವೆ ಜೋಪಾನವಾಗಿಡಲು ಅಜ್ಜಿಗೆ ಹೇಳುವುದರಿಂದಲೇ ಆ ಕೆಲಸ ಆರಂಭವಾಗುತ್ತದೆ.

ನನ್ನಿಯ ತಾಮ್ರಕ್ಕೆ ಹಣ ಹಿಂದಿರುಗಿತೋ ಇಲ್ಲವೋ, ಆ ಮಣ್ಣಿನ ಹಲಗೆ ಹೇಳುವುದಿಲ್ಲ. ಆದರೆ ಏಯ-ನಾಸಿರನದೆಂದು ಊಹಿಸಿರುವ ಮನೆಯಲ್ಲಿ ಇಂತಹವೇ ಬೇರೆ ದೂರಿನ ಪತ್ರಗಳೂ ದೊರೆತಿವೆ. ಕೊಂಡವರು ಒಬ್ಬೊಬ್ಬರಾಗಿ ಬರೆದದ್ದು ಒಟ್ಟಿಗೆ ಉಳಿದು, ವ್ಯಾಪಾರಿಯ ನಡತೆಗೆ ಸಾಕ್ಷಿಯಾಗಿ ನಿಂತಿದೆ. ಬರೆಯದೆ ನುಂಗಿಕೊಂಡವರ ಮಾತು ಅಂದೇ ಗಾಳಿಗೆ ಹೋಯಿತು.